ಲೋಕಲ್‌ನವರಿಗೆ ರೂಮಿಲ್ಲ

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಒಂದು ಪುಟ್ಟ ಸೋಪಿದೆ. ಉದ್ದದಲ್ಲಿ ಹೆಬ್ಬೆರಳನ್ನು ಮೀರುವುದಿಲ್ಲ. ಮೇಲೆ ಹಸಿರು ಕಾಗದ, ಕಾಗದದ ಮೇಲೊಂದು ಬೆಟ್ಟ, ಬೆಟ್ಟದ ಹಿಂದೆ ಅರ್ಧ ಸೂರ್ಯ. ಒಂದು ಮೊಣಕೈ ಉಜ್ಜುವಷ್ಟರಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಇನ್ನೊಂದು ಮೊಣಕೈಗೆ ಬೇರೆ ವ್ಯವಸ್ಥೆ ಆಗಬೇಕು. ನನ್ನವರು ಆಗಾಗ ಅದನ್ನು ಎತ್ತಿ, ತಿರುಗಿಸಿ ನೋಡಿ, "ಇದನ್ನ ಯಾವಾಗ ಹಚ್ಕಂತೀಯೆ?" ಎಂದು ಕೇಳುತ್ತಾರೆ. "ಯಾರಾದ್ರೂ ಸಣ್ಣ ನೆಂಟ್ರು ಬಂದಾಗ" ಎಂದು ನಾನೂ ಹೇಳುತ್ತಾ ಬಂದಿದ್ದೇನೆ.

ಅದನ್ನು ನಾನು ತಂದದ್ದು ಒಂದು ಗೆಸ್ಟ್ ಹೌಸಿನಿಂದ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಸೋಪಿನ ಜೊತೆ ಎರಡು ಶ್ಯಾಂಪೂ ಪೊಟ್ಟಣ ಮತ್ತು ಒಂದು ಬಾಚಣಿಗೆ ಕೂಡ ಬಂದವು. ಹೊಸದುರ್ಗದ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಒಂದು ದಿನವೂ ಸರ್ಕಾರದ ಗೋಂದನ್ನು ಮನೆಗೆ ತರದಿದ್ದ ನಾನು, ನಿವೃತ್ತಿಯಾದ ಮೇಲೆ ಅಲ್ಲಿ ಕಳೆದ ಎರಡೇ ದಿನದಲ್ಲಿ ಹೀಗೆ ಕೆಟ್ಟೆ. ಇದಕ್ಕೆ ನಮ್ಮಪ್ಪನೂ ಸ್ವಲ್ಪ ಕಾರಣ. ಚಿಕ್ಕಂದಿನಲ್ಲಿ ಹೊಸ ಸೋಪು ತಂದ ದಿನ ಅವರು ಅದನ್ನು ದಾರದಿಂದ ಮೂರು ತುಂಡು ಮಾಡುತ್ತಿದ್ದರು. ಬಚ್ಚಲಿಗೆ ಒಂದೇ ತುಂಡು. ಉಳಿದೆರಡು ಅಮ್ಮನ ಟ್ರಂಕಿನಲ್ಲಿ ಸೀರೆಗಳ ನಡುವೆ ಪರಿಮಳ ಬೀರುತ್ತಾ ಸರದಿ ಕಾಯುತ್ತಿದ್ದವು. ಅಂಥ ಮನೆಯಲ್ಲಿ ಬೆಳೆದವಳಿಗೆ ಬಿಡಿಸದ ಸೋಪನ್ನು ಹಿಂದೆ ಬಿಟ್ಟು ಬರುವ ಧೈರ್ಯ ಇರುವುದಿಲ್ಲ.

ಗೆಸ್ಟ್ ಹೌಸಿಗೆ ಹೋಗುವ ಬುದ್ಧಿ ನನ್ನದಲ್ಲ, ಶಿವಮೊಗ್ಗದಲ್ಲಿರುವ ಮಗಳದು. "ಮನೇಲಿ ಕುಂತು ಅಪ್ಪನ ತಪ್ಪು ಹುಡುಕೋದು ಸಾಕು, ಎಲ್ಲಾದ್ರೂ ಬೆಟ್ಟದ ಊರಿಗೆ ಹೋಗಿ ಎರಡು ದಿನ ಇದ್ದು ಬಾಮ್ಮ" ಎಂದು ಫೋನಿಗೆ ಒಂದು ಪಟ್ಟಿ ಕಳಿಸಿದಳು. ಎಲ್ಲ ಚಿತ್ರಗಳಲ್ಲೂ ಮಂಜು, ಕಣಿವೆ, ಕಾಫಿ ಲೋಟ ಹಿಡಿದು ಕಿಟಕಿಯಾಚೆ ನೋಡುತ್ತಿರುವ ತೆಳ್ಳಗಿನ ಹೆಂಗಸರು. ನಾನು ತೆಳ್ಳಗಿಲ್ಲ, ಕಾಫಿ ಕುಡಿದರೆ ಎದೆ ಉರಿಯುತ್ತದೆ. ಆದರೂ ಬೆರಳು ಜಾರಿಸುತ್ತಾ ಹೋದೆ. ಒಂದು ಚಿತ್ರದಲ್ಲಿ ಗುರುತಿನ ಬಂಡೆ ಕಂಡಿತು. ಕೆಳಗೆ ಬರೆದಿತ್ತು: ಪುಟ್ಟ ಗೆಸ್ಟ್ ಹೌಸ್, ಕೋಟೆ ಬೆಟ್ಟದ ರಮ್ಯ ನೋಟ, ಮನೆಯ ವಾತಾವರಣ. ಊರು ಚಿತ್ರದುರ್ಗ.

ನಾನು ಹುಟ್ಟಿ ಬೆಳೆದ ದುರ್ಗ. ಅದನ್ನು ಬೆಟ್ಟದ ಊರು ಎಂದು ಕರೆಯಬಹುದೆಂದು ನನಗೆ ಅರವತ್ತು ವರ್ಷ ಹೊಳೆದಿರಲಿಲ್ಲ. ನಮಗೆ ಅವು ಬಂಡೆಗಳು, ಅಷ್ಟೇ. ಆ ರಮ್ಯ ನೋಟ ನಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತರೆ ಚೆನ್ನಾಗಿ ಕಾಣುತ್ತಿತ್ತು. ಬೂದಿ ಹಚ್ಚಿದ ತಪ್ಪಲೆಯನ್ನು ಉಜ್ಜುತ್ತಾ ಉಜ್ಜುತ್ತಾ ನಾನು ಅದಕ್ಕೆ ಬೆನ್ನು ಮಾಡಿಕೊಂಡೇ ಬೆಳೆದೆ. ಬೇಸಗೆಯಲ್ಲಿ ಅಮ್ಮ ಮನೆಯ ಹಿಂದಿನ ಚಪ್ಪಟೆ ಬಂಡೆಯ ಮೇಲೆ ಸಂಡಿಗೆ ಹಾಕಿ ನನ್ನನ್ನು ಕೋತಿ ಕಾಯಲು ಕೂರಿಸುತ್ತಿದ್ದಳು. ನಾನು ಅಣ್ಣನ ಜೊತೆ ಪಕ್ಕದ ಬಂಡೆಯಲ್ಲಿ ಜಾರಲು ಹೋಗುತ್ತಿದ್ದೆ. ಸಂಜೆ ಲಂಗದ ಹಿಂಭಾಗ ಹರಿದಿರುತ್ತಿತ್ತು, ಸಂಡಿಗೆ ಕಾಲು ಭಾಗ ಉಳಿದಿರುತ್ತಿತ್ತು. ಎರಡಕ್ಕೂ ಸೇರಿಸಿ ಒಂದೇ ಏಟು ಬೀಳುತ್ತಿದ್ದುದರಿಂದ ನಮಗೆ ಲಾಭವೇ. ಪರ ಊರಿನವರು ಬಸ್ಸಿಳಿದು ಕೋಟೆಯ ದಾರಿ ಕೇಳಿದರೆ ನಾವು ಅವರನ್ನು "ಬಂಡೆ ನೋಡೋರು" ಎನ್ನುತ್ತಿದ್ದೆವು. ದುಡ್ಡು ಕೊಟ್ಟು ಬಂಡೆ ನೋಡುವವರ ಬಗ್ಗೆ ನಮಗೆ ಕನಿಕರವಿತ್ತು.

"ದುರ್ಗಕ್ಕೆ ಹೋಗಿ ರೂಮ್ ಮಾಡ್ತೀಯಾ? ನಿಮ್ಮತ್ತಿಗೆ ಮನೆ ಏನಾತು?" ಎಂದು ನನ್ನವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಹೆಣ್ಣುಮಗಳು ತವರೂರಿನಲ್ಲಿ ಬಾಡಿಗೆ ಕೋಣೆ ಹಿಡಿದಳೆಂದರೆ ಒಂದೋ ತವರು ಮುರಿದಿದೆ, ಇಲ್ಲ ತಲೆ ಕೆಟ್ಟಿದೆ. "ಸುಮ್ನೆ, ಬದಲಾವಣೆಗೆ" ಎಂದೆ. ಅವರು ಮಂಡಿ ನೋವಿನ ನೆಪ ಹೇಳಿ ನನ್ನೊಬ್ಬಳನ್ನೇ ಕಳಿಸಿದರು.

ನಿಜ ಸಂಗತಿ ಬೇರೆ ಇತ್ತು, ಅದನ್ನು ಬಾಯಿಬಿಟ್ಟು ಹೇಳಿದರೆ ನೀವು ನಗುತ್ತೀರಿ. ಅದು ಒಂದು ಅಕ್ಷರದ ವಿಷಯ.

ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಚಿಕ್ಕಜಾಜೂರಿನಿಂದ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಂದಿನಿಂದ ನಾನು ಅವರಿಗೆ "ನೀವು", ಅವರು ನನಗೆ "ನೀನು". "ಬಾರೆ ಗಿರಿಜಿ", "ತಿನ್ನೇ", "ಬಿದ್ಕಳೇ" ಎನ್ನುವುದರಲ್ಲೇ ಅವರ ಅಕ್ಕರೆಯೆಲ್ಲ ಇತ್ತು. ಒಂದೂವರೆ ವರ್ಷದ ಹಿಂದೆ ಅಣ್ಣ ತೀರಿಕೊಂಡ. ಕಾರ್ಯವೆಲ್ಲ ಮುಗಿದು ನಾವು ಹೊರಟು ಗೇಟಿನ ಹತ್ತಿರ ಬಂದಾಗ, ನನ್ನವರು ಹಿಂದೆ ಬ್ಯಾಗು ಹಿಡಿದು ನಿಂತಿದ್ದರು, ಅತ್ತಿಗೆ ನನ್ನ ಕೈ ಹಿಡಿದು, "ಹೋಗಿ ಬರ್ರಿ" ಅಂದರು. "ಬರ್ರಿ". ಮಳಿಗೆಗೆ ಬಂದ ಗಿರಾಕಿಗೆ ಹೇಳುವ ಹಾಗೆ, ಶಾಲೆಯ ಹೆಡ್ ಮೇಡಂಗೆ ಹೇಳುವ ಹಾಗೆ. ಬಸ್ಸಿನಲ್ಲಿ ಹೊಳಲ್ಕೆರೆ ದಾಟುವವರೆಗೂ ಅದು ನನ್ನ ಕಿವಿಯಲ್ಲೇ ಇತ್ತು. ಅಣ್ಣ ಹೋದ, ನಾನು ಆ ಮನೆಗೆ ಮರ್ಯಾದೆಯ ನೆಂಟಳಾದೆ ಎಂದು ತೀರ್ಮಾನಿಸಿದೆ. ಆಮೇಲೆ ಫೋನಿನಲ್ಲೂ ಅತ್ತಿಗೆ "ಚೆನ್ನಾಗಿದೀರಾ?" ಎಂದೇ ಶುರು ಮಾಡುತ್ತಿದ್ದರು. ನಾನೂ ಬಿಡದೆ, "ನಾವು ಚೆನ್ನಾಗಿದೀವಿ, ತಾವೆಲ್ಲ ಕ್ಷೇಮವೇ?" ಎಂದು ಇನ್‌ಲ್ಯಾಂಡ್ ಕಾಗದದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಆ ಮನೆಯಲ್ಲಿ ಈಗ ಮಗ ಸೊಸೆ ಇದ್ದಾರೆ, ನನ್ನ ಅಗತ್ಯ ಯಾರಿಗಿದೆ ಎಂದು ಒಳಗೊಳಗೇ ಬೇಯುತ್ತಾ ಒಂದೂವರೆ ವರ್ಷ ದುರ್ಗದ ಕಡೆ ತಲೆ ಹಾಕಲಿಲ್ಲ.

ಆದರೆ ದುರ್ಗ ನೋಡಬೇಕೆನ್ನಿಸುತ್ತಿತ್ತು. ಆಷಾಢದ ಗಾಳಿ ಬೀಸಲು ಶುರುವಾದರೆ ಸಾಕು, ಹೊಸ ಮದುವಣಗಿತ್ತಿಯರ ಹಾಗೆ ಕಾಲು ತವರಿನ ಕಡೆಗೇ ಎಳೆಯುತ್ತಿತ್ತು. ಗೆಸ್ಟ್ ಹೌಸಿನ ಚಿತ್ರ ಕಂಡದ್ದು ಆಗ.

ಗೆಸ್ಟ್ ಹೌಸಿನ ಮ್ಯಾನೇಜರ್ ತಿಪ್ಪೇಸ್ವಾಮಿ ಎಂಬ ಸಣಕಲು ಮನುಷ್ಯ. ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ನೋಡಿ, "ಹೊಸದುರ್ಗ. ಸರಿ ಮೇಡಂ. ಲೋಕಲ್‌ನವರಿಗೆ ನಾವು ರೂಮ್ ಕೊಡಂಗಿಲ್ಲ, ಓನರ್ ರೂಲ್ಸು. ಅದಕ್ಕೆ ಅಡ್ರೆಸ್ ನೋಡ್ದೆ" ಅಂದ. ಜೀವನವಿಡೀ ಬೇರೆಯವರ ವಿಳಾಸ ಓದಿದವಳು ನಾನು. ನನ್ನ ವಿಳಾಸದಲ್ಲಿ ದುರ್ಗದ ಹೆಸರು ಜಿಲ್ಲೆಯಾಗಿ ಮಾತ್ರ ಉಳಿದಿದೆ ಎಂಬುದನ್ನು ಆವತ್ತು ಗಮನವಿಟ್ಟು ನೋಡಿದೆ.

ಹುಟ್ಟಿದ್ದು ಇಲ್ಲೇ ಎಂದು ಹೇಳಿಬಿಡಬಹುದಿತ್ತು. ಆದರೆ ತಿಪ್ಪೇಸ್ವಾಮಿ ಆಗಲೇ ಬೆಟ್ಟದ ಕಡೆ ಕೈ ತೋರಿಸಿ ವಿವರಣೆ ಶುರು ಮಾಡಿದ್ದ. ಕೋಟೆಯ ಯಾವ ಕಾವಲು ಬತೇರಿ ಎಲ್ಲಿದೆ, ಕೋತಿಗಳು ಬಂದರೆ ಏನು ಮಾಡಬೇಕು, ಚಂದ್ರವಳ್ಳಿಯ ಗವಿಯೊಳಗೆ ಹೋಗುವಾಗ ತಲೆ ಎಷ್ಟು ಬಗ್ಗಿಸಬೇಕು. ನಾನು ಶಾಲೆಯ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಆ ಗವಿಯೊಳಗೆ ಕಣ್ಣಾಮುಚ್ಚಾಲೆ ಆಡಿದವಳು. ಸುಮ್ಮನೆ ತಲೆಯಾಡಿಸಿದೆ. ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ತೋರಿಸಿ, "ಆ ಫ್ಯಾನ್‌ಗಳು ತಿರುಗೋದಕ್ಕೇ ಮೇಡಂ ನಮ್ಮೂರಾಗೆ ಇಷ್ಟು ತಂಪು" ಅಂದ. ಅದಕ್ಕೂ ತಲೆಯಾಡಿಸಿದೆ. ಇಷ್ಟು ಶ್ರದ್ಧೆಯಿಂದ ಊರು ತೋರಿಸುವವನ ಮುಂದೆ ಊರಿನವಳಾಗುವುದು ಕಷ್ಟ.

ಕೋಣೆ ಪುಟ್ಟದು, ಅಚ್ಚುಕಟ್ಟು. ಮೊದಲ ದಿನವೇ ನಾನು ಟೀ ಕುಡಿದ ಲೋಟವನ್ನು ತೊಳೆದು ಅಡಿಗೆಮನೆಗೆ ಕೊಂಡೊಯ್ದೆ. ಅಡಿಗೆಯಾಕೆ ಅದನ್ನು ಈಸಿಕೊಂಡು, ನನ್ನೆದುರಿಗೇ ಇನ್ನೊಮ್ಮೆ ತೊಳೆದಳು. ಸಂಜೆ ಪೇಟೆಯ ಕಡೆ ಹೋದೆ. ಗುರುತಿನವರು ಸಿಕ್ಕಾರೆಂದು ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು, ಹಳೆಯ ಮಾಸ್ಕ್ ಒಂದನ್ನು ಹಾಕಿಕೊಂಡಿದ್ದೆ. ಹುಟ್ಟಿದೂರಿನಲ್ಲಿ ಕಳ್ಳಿಯ ಹಾಗೆ ಮಂಡಕ್ಕಿ ಕೊಂಡು ತಿಂದೆ. ಮಾಸ್ಕ್ ಹಾಕಿಕೊಂಡು ಮಂಡಕ್ಕಿ ತಿನ್ನುವುದು ಸುಲಭವಲ್ಲ. ವಾಪಸು ಬರುವಾಗ ಕಾಲುಗಳು ನನ್ನನ್ನು ಕೇಳದೆ ನಮ್ಮ ಓಣಿಯ ಬಾಯಿಗೆ ಬಂದು ನಿಂತವು. ನಮ್ಮ ಮನೆಯ ಗೇಟಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಅಣ್ಣನಿದ್ದಾಗ ಅದು ಹಸಿರಿತ್ತು. ಒಳಗೆ ದೀಪ ಹತ್ತಿತು, ಯಾರೋ ಕೊಡ ಇಟ್ಟ ಸದ್ದಾಯಿತು. ನನಗೆ ಅಳು ಬಂತು. ಮಾಸ್ಕ್ ಇದ್ದದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಮರುದಿನ ಸಂಜೆ ಐದರ ಹೊತ್ತಿಗೆ ನನ್ನ ಕೋಣೆಯ ಬಾಗಿಲು ಬಡಿದ ಸದ್ದು. ತೆಗೆದರೆ ಅತ್ತಿಗೆ. ಹಿಂದೆ ತಿಪ್ಪೇಸ್ವಾಮಿ. ಆಮೇಲೆ ತಿಳಿದದ್ದು ಇಷ್ಟು: ಅತ್ತಿಗೆ ಹೊಸದುರ್ಗದ ನಮ್ಮ ಮನೆಗೆ ಫೋನ್ ಮಾಡಿದ್ದರು, ಸುಳ್ಳು ಹೇಳಲು ಬಾರದ ನನ್ನವರು ಗೆಸ್ಟ್ ಹೌಸಿನ ಹೆಸರಿನ ಸಮೇತ ನನ್ನನ್ನು ಒಪ್ಪಿಸಿಬಿಟ್ಟಿದ್ದರು.

"ಯಾರ ಮನೆ ಇದು?" ಎಂದು ಅತ್ತಿಗೆ ಹೊಸಿಲಲ್ಲೇ ನಿಂತು ಕೇಳಿದರು.

"ಗೆಸ್ಟ್ ಹೌಸ್, ಅತ್ತಿಗೆ."

"ಗೆಸ್ಟ್ ಅಂದ್ರೆ ನೆಂಟ್ರು, ಹೌಸ್ ಅಂದ್ರೆ ಮನೆ. ಅಷ್ಟು ಇಂಗ್ಲಿಷ್ ನಂಗೂ ಬರ್ತೈತೆ. ನಂಗೆ ಗೊತ್ತಿಲ್ದಿರೋ ಯಾವ ನೆಂಟ್ರು ಅದಾರೆ ನಿಂಗೆ ದುರ್ಗದಾಗೆ?"

"ನಿಂಗೆ" ಎಂದಿದ್ದರು. ಆದರೆ ಸಿಟ್ಟಿನಲ್ಲಿ ಬಂದ "ನೀನು" ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೆ ತಿಳಿಯಲಿಲ್ಲ. "ಒಳಗೆ ಬನ್ನಿ ಅತ್ತಿಗೆ, ಕೂತ್ಕಳ್ಳಿ" ಎಂದೆ. ಅತ್ತಿಗೆಯನ್ನು ನಾನು ಕೂರಲು ಹೇಳಿದ್ದು ಜೀವನದಲ್ಲಿ ಅದೇ ಮೊದಲು ಎಂದು ಹೇಳಿದ ಮೇಲೆ ಹೊಳೆಯಿತು. ಅವರ ಮನೆಯಲ್ಲಿ ಕೂರುತ್ತಿದ್ದವಳು ಯಾವಾಗಲೂ ನಾನೇ.

"ಕೂರಕ್ಕೆ ಬಂದಿಲ್ಲ. ಬ್ಯಾಗ್ ತಗಂಡು ನಡಿ ಮನೆಗೆ" ಎಂದರು, ಎಂದು ಮಂಚದ ತುದಿಗೆ ಕೂತರು. ಅಷ್ಟರಲ್ಲಿ ಅಡಿಗೆಯಾಕೆ ಎರಡು ಟೀ ತಂದಿಟ್ಟು ಹೋದಳು. ಅತ್ತಿಗೆ ಒಂದು ಗುಟುಕು ಕುಡಿದು, ಲೋಟ ನೋಡಿ, "ಇದನ್ನ ಯಾರು ತೊಳೀತಾರೆ?" ಎಂದು ಕೇಳಿದರು.

"ಅವ್ರೇ."

"ಬೆಳಿಗ್ಗೆ ತಿಂಡಿ?"

"ಅದೂ ಅವ್ರೇ ಮಾಡ್ತಾರೆ."

"ಏನು ಮಾಡಬೇಕು ಅಂತ ಯೋಚ್ನೆ ಮಾಡೋರು ಯಾರು?"

"ಅದೂ ಅವ್ರೇ, ಅತ್ತಿಗೆ."

ಅತ್ತಿಗೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ನಲವತ್ತೈದು ವರ್ಷ ಆ ಮನೆಯಲ್ಲಿ ಬಂದವರಿಗೆಲ್ಲ ಬೇಯಿಸಿ ಹಾಕಿದವರು. ನಾನೇ ವರ್ಷಕ್ಕೆ ಮೂರು ಸಲ ಮಗಳನ್ನು ಎತ್ತಿಕೊಂಡು ಬಂದು ಬೀಳುತ್ತಿದ್ದೆ, ನಾಳೆ ಏನು ತಿಂಡಿ ಎಂದು ಹಾಸಿಗೆಯಿಂದಲೇ ಕೂಗಿ ಕೇಳುತ್ತಿದ್ದೆ. ಅತ್ತಿಗೆ ಕಾಲು ಮೇಲಕ್ಕೆ ತೆಗೆದುಕೊಂಡು, ದಿಂಬನ್ನು ಬೆನ್ನಿಗೆ ಇಟ್ಟುಕೊಂಡರು.

"ಹಂಗಾರೆ ನಾನೂ ಇವತ್ತು ಇಲ್ಲೇ ಇರ್ತೀನಿ. ನನ್ ಸೊಸೆಗೂ ನನ್ನಿಂದ ಒಂದಿನ ರಜ ಸಿಗ್ಲಿ."

ಕೆಳಗೆ ಹೋಗಿ ತಿಪ್ಪೇಸ್ವಾಮಿಗೆ ಹೇಳಿದೆವು. ಅವನು ಅತ್ತಿಗೆಯ ಆಧಾರ್ ನೋಡಿ ತಲೆ ಕೆರೆದುಕೊಂಡ. "ಅಮ್ಮ, ತಪ್ಪು ತಿಳ್ಕಬ್ಯಾಡ್ರಿ. ನೀವು ಲೋಕಲ್ಲು. ಲೋಕಲ್‌ನವರಿಗೆ ಇಲ್ಲಿ ಇರಕ್ಕೆ ಕೊಡಂಗಿಲ್ಲ."

"ಯಾರಪ್ಪ ಲೋಕಲ್ಲು?" ಅತ್ತಿಗೆ ಮೇಜಿನ ಮೇಲೆ ಮೊಣಕೈ ಊರಿದರು. "ನಾನು ಚಿಕ್ಕಜಾಜೂರಿನ ಹೆಣ್ಣುಮಗಳು. ಈ ಊರಿಗೆ ಕೊಟ್ರು, ಬಂದೆ. ಲೋಕಲ್ ಅಂದ್ರೆ ಇಗಾ, ಇವಳು. ಈ ಕೋಟೆ ಕೆಳಗೇ ಹುಟ್ಟಿ, ಈ ಬಂಡೆ ಮ್ಯಾಲೇ ಜಾರಿ ಲಂಗ ಹರ್ಕಂಡೋಳು. ಇವಳಿಗೆ ರೂಮ್ ಕೊಟ್ಟೀಯ, ನಂಗೆ ಇಲ್ಲ ಅಂತೀಯಲ್ಲ."

ತಿಪ್ಪೇಸ್ವಾಮಿ ನನ್ನ ಕಡೆ ನೋಡಿದ. ಆ ಮುಖವನ್ನು ನಾನು ಮರೆಯಲಾರೆ. "ಮೇಡಂ, ನೀವು ದುರ್ಗದೋರಾ?" ಎಂದ ಮೆಲ್ಲಗೆ. "ನಾನು ನಿನ್ನೆ ಫ್ಯಾನಿನ ವಿಷ್ಯ ಎಲ್ಲ ಹೇಳ್ದೆ. ನೀವು ಹೂಂ ಹೂಂ ಅಂತಿದ್ರಿ." ನಾನು ಕ್ಷಮೆ ಕೇಳಿದೆ. ಅವನು ಗಾಯಗೊಂಡವನಂತೆ ರಿಜಿಸ್ಟರ್ ತೆಗೆದು, ಬಹಳ ಯೋಚಿಸಿ, ನನ್ನ ಹೆಸರಿನ ಕೆಳಗೆ ಅತ್ತಿಗೆಯ ಹೆಸರು ಬರೆದು, ಪಕ್ಕದಲ್ಲಿ "ಗೆಸ್ಟಿಗೆ ಬಂದ ಗೆಸ್ಟು" ಎಂದು ದಾಖಲಿಸಿದ. ಓನರ್ ರೂಲ್ಸಿನಲ್ಲಿ ಅದರ ಬಗ್ಗೆ ಏನೂ ಇರಲಿಲ್ಲವಂತೆ.

ತಾರಸಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಬಂಡೆಗಳ ಮೇಲೆ ಇನ್ನೂ ಬಿಸಿಲಿತ್ತು. ಗಾಳಿ ಅತ್ತಿಗೆಯ ಸೆರಗನ್ನು ಎಳೆಯುತ್ತಿತ್ತು. "ಇಲ್ಲಿಂದ ನೋಡಿದ್ರೆ ಚೆನ್ನಾಗೇ ಐತಲ್ಲೇ ನಮ್ಮೂರು" ಎಂದರು. ನಂತರ ಮುಖ ತಿರುಗಿಸದೆಯೇ ಕೇಳಿದರು: "ಯಾಕೆ ಬರ್ಲಿಲ್ಲ ಮನೆಗೆ?"

ಅರವತ್ತು ವರ್ಷದ ಹೆಂಗಸು ಅದಕ್ಕೆ ಏನು ಉತ್ತರ ಕೊಡಬೇಕು? "ನೀವು ಬರ್ರಿ ಅಂದ್ರಿ" ಎಂದೆ.

"ಬರ್ರಿ ಅಂದ್ರೆ ಬರಬೇಕಪ್ಪ. ಬರ್ಬ್ಯಾಡ್ರಿ ಅಂದ್ನಾ?"

"ಹಂಗಲ್ಲ ಅತ್ತಿಗೆ. ಅಣ್ಣನ ಕಾರ್ಯ ಮುಗಿಸಿ ಹೊರಟಾಗ ನೀವು ಬಾರೆ ಅನ್ಲಿಲ್ಲ. ಹೋಗಿ ಬರ್ರಿ ಅಂದ್ರಿ. ಅಣ್ಣ ಇಲ್ಲ ಅಂತ ನನ್ನನ್ನ ದೂರ ಇಟ್ರಿ ಅನ್ಕಂಡೆ."

ಅತ್ತಿಗೆ ಈಗ ಪೂರ್ತಿ ಈ ಕಡೆ ತಿರುಗಿದರು. ಆ ದಿನದ ಗೇಟು, ನಾನು, ಬ್ಯಾಗು, ಎಲ್ಲವನ್ನೂ ಮನಸ್ಸಿನಲ್ಲಿ ಒಂದೊಂದಾಗಿ ನಿಲ್ಲಿಸಿ ನೋಡುತ್ತಿದ್ದರೆಂದು ಕಾಣುತ್ತದೆ.

"ಲೇ ಗಿರಿಜಿ," ಎಂದರು ಕೊನೆಗೆ, "ನಿನ್ ಹಿಂದೆ ನಿನ್ ಗಂಡ ನಿಂತಿರ್ಲಿಲ್ವೇನೇ? ನಿಂಗೊಬ್ಬಳಿಗೆ ಬಾರೆ ಅಂದು, ಅವ್ರಿಗೆ ಅಲ್ಲೇ ಇರ್ರಿ ಅನ್ಲಾ? ಇಬ್ರಿಗೂ ಸೇರಿಸಿ ಬರ್ರಿ ಅಂದೆ ಕಣೆ."

"ಮತ್ತೆ ಫೋನಾಗೆ? ಚೆನ್ನಾಗಿದೀರಾ ಅಂತಿದ್ರಲ್ಲ?"

"ಮನೆಮಂದಿಯೆಲ್ಲ ಚೆನ್ನಾಗಿದೀರಾ ಅಂತ ಕೇಳ್ತಾರೋ, ನೀನೊಬ್ಬಳೇ ಚೆನ್ನಾಗಿದೀಯಾ, ನಿನ್ ಗಂಡ ಹೆಂಗಾದ್ರೂ ಇರ್ಲಿ ಅಂತ ಕೇಳ್ತಾರೋ? ಅದಕ್ಕೆ ನೀನು, ತಾವೆಲ್ಲ ಕ್ಷೇಮವೇ ಅಂತ ಭಾಷಣ ಮಾಡ್ತಿದ್ದೆ. ನಾನು ಏನನ್ಕಂಡೆ ಗೊತ್ತಾ? ಅಣ್ಣ ಇರೋಗಂಟ ಅತ್ತಿಗೆ. ಈಗ ನಾನು ಯಾರೋ, ಇವಳು ಯಾರೋ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡು, "ಹೈಸ್ಕೂಲು ಹುಡುಗಿ ಇದ್ದಾಗಿಂದ ಜಡೆ ಹಾಕೀನಿ ನಿಂಗೆ" ಎಂದರು.

ನನಗೆ ನಾಚಿಕೆಯಾಯಿತು, ಅಳುವೂ ಬಂತು, ಮಧ್ಯೆ ನಗುವೂ ಬಂತು. ಈ ಸಲ ಮಾಸ್ಕ್ ಇರಲಿಲ್ಲ. ಒಂದು ರಿಕಾರವನ್ನು ಹಿಡಿದುಕೊಂಡು ಒಂದೂವರೆ ವರ್ಷ ಇಬ್ಬರು ಮುದುಕಿಯರು ಮುನಿಸಿಕೊಂಡಿದ್ದೆವು. ಮರ್ಯಾದೆಗೂ ಬಹುವಚನಕ್ಕೂ ಒಂದೇ ಅಕ್ಷರ ಇಟ್ಟ ನಮ್ಮ ಭಾಷೆಯ ಮೇಲೆ ಸ್ವಲ್ಪ ತಪ್ಪು ಹೊರಿಸಲು ನೋಡಿದೆ. ಅತ್ತಿಗೆ ಒಪ್ಪಲಿಲ್ಲ. ತಪ್ಪೆಲ್ಲ ನನ್ನದೇ ಎಂದು ತೀರ್ಪಾಯಿತು, ನಾನು ಒಪ್ಪಿಕೊಂಡೆ.

ಬೆಳಿಗ್ಗೆ ಕಣ್ಣು ಬಿಟ್ಟಾಗ ಅತ್ತಿಗೆ ಎದ್ದು ಕೂತು ತಮ್ಮ ಹೊದಿಕೆ ಮಡಚಿ, ನನ್ನ ಮೈಮೇಲಿದ್ದ ಹೊದಿಕೆಯನ್ನು ಮಡಚಲು ಕಾಯುತ್ತಿದ್ದರು. ಸುಮ್ಮನೆ ಮಲಗಿ ಎಂದು ಗದರಿ ಮಲಗಿಸಿದೆ. ಹತ್ತು ನಿಮಿಷ ಸೂರು ನೋಡುತ್ತಾ ಮಲಗಿದ್ದು, "ಸುಮ್ನೆ ಬಿದ್ಕಂಡಿರೋದು ಬಾಳ ಕಷ್ಟದ ಕೆಲ್ಸ ಕಣೆ, ನೀನು ಅಷ್ಟು ವರ್ಷ ನಮ್ಮನೇಲಿ ಹೆಂಗೆ ಮಾಡ್ದೆ?" ಎಂದು ಕೇಳಿದರು. ತಿಂಡಿಗೆ ಉಪ್ಪಿಟ್ಟು ಬಂತು. ಅದಕ್ಕೆ ಇನ್ನೊಂದು ಹಸಿಮೆಣಸಿನಕಾಯಿ ಬೇಕಿತ್ತೆಂದು ಅತ್ತಿಗೆ ಅಡಿಗೆಯಾಕೆಗೆ ಹೇಳಿ ಬಂದರು. ಎರಡು ಸಲ ಹಾಕಿಸಿಕೊಂಡು ತಿಂದದ್ದನ್ನು ಮಾತ್ರ ಹೇಳಲಿಲ್ಲ.

ತಿಪ್ಪೇಸ್ವಾಮಿ ಗೇಟಿನವರೆಗೆ ಬಂದು ಬೀಳ್ಕೊಟ್ಟ. ಫ್ಯಾನ್‌ಗಳ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ನಾನು ಬ್ಯಾಗು ಹಿಡಿದು ಮನೆಯ ಕಡೆ ತಿರುಗಿದೆ. ನೀಲಿ ಗೇಟು ತೆಗೆದು ಒಳಗೆ ಹೋಗುವುದನ್ನು ಮನಸ್ಸಿನಲ್ಲಿ ಆಗಲೇ ನಡೆಸಿ ನೋಡಿದ್ದೆ. ಅತ್ತಿಗೆ ನನ್ನ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ತಿರುಗಿಸಿದರು.

"ನಮ್ಮನೆ ಎಲ್ಲಿಗೂ ಹೋಗಲ್ಲ. ನಿಮ್ಮನೆಗೆ ಹೋಗಾಣ ನಡಿ. ನಿನ್ನ ಕೊಟ್ಟು ಮೂವತ್ತಾರು ವರ್ಷ ಆತು, ಒಂದಿನ ಇದ್ದೀನಾ ನಿನ್ ಮನೇಲಿ? ನಿನ್ ಮಗಳ ಮದ್ವೆಗೆ ಬಂದಿದ್ದು, ಅದೂ ಕಲ್ಯಾಣ ಮಂಟಪಕ್ಕೆ. ನಿನ್ ಅಡಿಗೆಮನೆ ಯಾವ ದಿಕ್ಕಿಗೈತೆ ಅನ್ನೋದೂ ಗೊತ್ತಿಲ್ಲ ನಂಗೆ."

ನಿಜ. ಹೆಣ್ಣುಮಗಳು ತವರಿಗೆ ಹೋಗುವುದೇ ದಾರಿ ಎಂದುಕೊಂಡಿದ್ದೆ. ಆ ದಾರಿಯಲ್ಲಿ ಅತ್ತ ಕಡೆಯಿಂದಲೂ ಬಸ್ಸಿದೆ ಎಂಬುದು ನನಗಾಗಲಿ, ಅವರನ್ನು ಒಮ್ಮೆ ಕರೆಯಬೇಕಿದ್ದ ನನ್ನ ಬಾಯಿಗಾಗಲಿ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಪಕ್ಕ ಕೂತರು. ನಾನು ಮನೆಯ ಸ್ಥಿತಿ ನೆನೆದು ಬೆವರಿದೆ. ಎರಡು ದಿನದ ಪಾತ್ರೆ ಸಿಂಕಿನಲ್ಲಿರುತ್ತದೆ, ಹಾಲು ಇರುವುದಿಲ್ಲ, ನಡುಮನೆಯ ಮಂಚದ ಮೇಲೆ ಒಗೆದ ಬಟ್ಟೆಯ ರಾಶಿ. ನನ್ನವರಿಗೆ ಫೋನ್ ಮಾಡಿದೆ.

"ಅತ್ತಿಗೆ ಬರ್ತಿದಾರೆ, ನನ್ ಜೊತೆ. ಮನೆ ಸ್ವಲ್ಪ ಗುಡಿಸ್ರಿ. ಮಂಚದ ಮೇಲಿನ ಬಟ್ಟೆ ತೆಗೀರಿ."

"ಹೌದಾ, ಬರ್ಲಿ ಬರ್ಲಿ" ಎಂದ ನನ್ನವರು, ಏನೂ ಕಲ್ಮಶವಿಲ್ಲದೆ, ಹಾಲಿನ ಲೆಕ್ಕಕ್ಕೆ ಇರಬೇಕು, "ಎಷ್ಟು ದಿನ ಇರ್ತಾರಂತೆ?" ಎಂದು ಕೇಳಿದರು.

ಮೂವತ್ತಾರು ವರ್ಷದಲ್ಲಿ, ಹಸುಗೂಸಿನೊಂದಿಗೆ ಹೋದಾಗ, ಮುನಿಸಿಕೊಂಡು ಹೋದಾಗ, ಹೇಳದೆ ಕೇಳದೆ ಹೋದಾಗ, ಅತ್ತಿಗೆ ಒಂದು ಸಲವೂ ನನಗೆ ಕೇಳದ ಪ್ರಶ್ನೆ ಅದು. ಅವರ ಕಿವಿಗೆ ಬೀಳದಿರಲೆಂದು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಏನಂತಾರೆ ನಿಮ್ಮೆಜಮಾನ್ರು?" ಎಂದರು ಅತ್ತಿಗೆ.

"ಬಾಳ ದಿನ ಇರಬೇಕಂತೆ" ಎಂದೆ.